ಸೈನ್ಯದ ತರಬೇತಿಯಲ್ಲಿ ಸತ್ತವರ ಹೆಸರು ಎಲ್ಲಿ ಬರೆಯೋಣ?

ಸಂಪಾದಕರೇ, ನಮಸ್ಕಾರ.

ನಾನು ಕೊಡಗಿನ ಚೇರಂಬಾಣೆ ಕಡೆಯವಳು. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆಗಿದ್ದೇನೆ. ಪತ್ರ ಉದ್ದ ಆಗಬಹುದು. ಕತ್ತರಿ ಹಾಕುವುದಾದರೆ ಆಸ್ಟ್ರೇಲಿಯಾದ ಭಾಗಕ್ಕೆ ಹಾಕಿ, ನಮ್ಮೂರಿನ ಭಾಗಕ್ಕೆ ಬೇಡ.

ಮಗಳು ಆಸ್ಟ್ರೇಲಿಯಾದಲ್ಲಿ ನರ್ಸ್. ಸಿಡ್ನಿ, ಮೆಲ್ಬರ್ನ್ ಅಲ್ಲ, ಒಳನಾಡಿನ ವಾಗಾ ವಾಗಾ ಎಂಬ ಊರು. ಅವಳ ಮನೆ ಇರುವುದು ಅಲ್ಲಿಂದಲೂ ಅರ್ಧ ಗಂಟೆ ಆಚೆ, ಒಂದು ಹಳ್ಳಿಯಲ್ಲಿ. ಗೋಧಿ ಹೊಲ, ಕುರಿ, ಮತ್ತೆ ಗೋಧಿ ಹೊಲ. ಗುಡ್ಡ ಅಂತ ಒಂದನ್ನು ತೋರಿಸಿದರು, ನಮ್ಮ ಕಡೆ ಅದನ್ನು ಬರೆ, ಅಂದರೆ ದಿಣ್ಣೆ, ಅಂತಲೂ ಕರೆಯುವುದಿಲ್ಲ. ಕಾಫಿ ಹೂ ಮುಗಿದು ಇಲ್ಲಿ ಸ್ವಲ್ಪ ಬಿಡುವಿತ್ತು, ಏಪ್ರಿಲ್‌ನಲ್ಲಿ ಹೋಗಿ ಬಂದೆ.

ಏಪ್ರಿಲ್ 25ರಂದು ಬೆಳಗ್ಗೆ ನಾಲ್ಕೂವರೆಗೇ ಮಗಳು ಎಬ್ಬಿಸಿದಳು. ಅಮ್ಮ, ಎದ್ದೇಳಿ, ಇವತ್ತು ಆನ್ಜಾಕ್ ದಿನ, ಇಡೀ ಊರು ಬರುತ್ತದೆ ಅಂದಳು. 1915ರ ಏಪ್ರಿಲ್ 25ರಂದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸೈನಿಕರು ಟರ್ಕಿಯ ಗಲ್ಲಿಪೊಲಿ ದಡದಲ್ಲಿ ಇಳಿದ ದಿನ ಅದು. ಗೆದ್ದ ಯುದ್ಧವೂ ಅಲ್ಲ. ಎಂಟು ತಿಂಗಳು ಒದ್ದಾಡಿ ಡಿಸೆಂಬರ್‌ನಲ್ಲಿ ಆ ಜಾಗ ಬಿಟ್ಟು ಬಂದರು. ಸೋತ ದಿನವನ್ನು ಇಷ್ಟು ಶ್ರದ್ಧೆಯಿಂದ ನೆನೆಯುತ್ತಾರಲ್ಲ ಅಂತ ನನಗೆ ಮೊದಲೇ ವಿಚಿತ್ರ ಅನಿಸಿತ್ತು.

ಕತ್ತಲೆ. ಚಳಿ ಅಂದರೆ ನಮ್ಮ ಡಿಸೆಂಬರ್ ತರಹದ್ದು. ಹಳ್ಳಿಯ ನಡುವೆ ಒಂದು ಕಲ್ಲಿನ ಕಂಬ, ಸುತ್ತ ಇನ್ನೂರು ಜನ ಇದ್ದರೇನೋ. ಕೋಟಿನ ಮೇಲೆ ಒಂದೊಂದು ರೋಸ್‌ಮರಿ ಕಡ್ಡಿ. ಗಲ್ಲಿಪೊಲಿಯ ಗುಡ್ಡಗಳಲ್ಲಿ ಅದು ಕಾಡುಗಿಡವಾಗಿ ಬೆಳೆಯುತ್ತದಂತೆ. ಭಾಷಣ ಎರಡೇ ನಿಮಿಷ. ಮಂತ್ರಿ ಇಲ್ಲ, ಶಾಲು ಇಲ್ಲ, ಹಾರ ಇಲ್ಲ, ವೇದಿಕೆ ಮೇಲೆ ಯಾರನ್ನು ಕೂರಿಸುವುದು ಅನ್ನುವ ಜಗಳ ಇಲ್ಲ, ಯಾಕೆಂದರೆ ವೇದಿಕೆಯೇ ಇಲ್ಲ. ಶಾಲೆಯ ಹುಡುಗಿಯೊಬ್ಬಳು ಬ್ಯೂಗಲ್‌ನಲ್ಲಿ ಸತ್ತ ಸೈನಿಕರಿಗೆ ನುಡಿಸುವ ಲಾಸ್ಟ್ ಪೋಸ್ಟ್ ರಾಗ ಊದಿದಳು, ಮಧ್ಯೆ ಒಂದು ಸ್ವರ ತಪ್ಪಿತು, ಯಾರೂ ಅಲುಗಾಡಲಿಲ್ಲ. ಆಮೇಲೆ ಒಂದು ನಿಮಿಷ ಮೌನ. ದೂರದಲ್ಲಿ ಯಾರದೋ ನಾಯಿ ಬೊಗಳುತ್ತಿತ್ತು.

ಬೆಳಕಾದ ಮೇಲೆ ಕಂಬದ ಹತ್ತಿರ ಹೋದೆ. ಮೇಷ್ಟ್ರ ಬುದ್ಧಿ ನೋಡಿ, ಹೆಸರುಗಳನ್ನು ಎಣಿಸಿದೆ. ಮೊದಲ ಮಹಾಯುದ್ಧಕ್ಕೇ ಅರವತ್ತೆರಡು. ಅಷ್ಟು ಸಣ್ಣ ಊರಿನಿಂದ. ಒಂದೇ ಮನೆತನದ ಹೆಸರು ನಾಲ್ಕು ಸಲ ಇತ್ತು. ಕೆಲವು ಹೆಸರುಗಳ ಪಕ್ಕ ಪುಟ್ಟ ಶಿಲುಬೆ. ಪಕ್ಕದ ಮನೆಯ ರೈತ ಹೇಳಿದರು: ಶಿಲುಬೆ ಇದ್ದವರು ಸತ್ತವರು, ಇಲ್ಲದವರು ವಾಪಸ್ ಬಂದವರು. ಬದುಕಿ ಬಂದವರ ಹೆಸರನ್ನೂ ಯಾಕೆ ಕೆತ್ತಿದ್ದೀರಿ ಅಂತ ಕೇಳಿದೆ. ಅವರು ನನ್ನನ್ನೇ ಆಶ್ಚರ್ಯದಿಂದ ನೋಡಿ, ಅವರೂ ಹೋಗಿದ್ದರಲ್ಲ ಅಂದರು.

ಇದಕ್ಕೆ ಹಿನ್ನೆಲೆ ಇದೆ. ಆಗ ಆ ದೇಶದ ಜನಸಂಖ್ಯೆ ಐವತ್ತು ಲಕ್ಷವೂ ಇರಲಿಲ್ಲ. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೈನ್ಯ ಸೇರಿದರು, ಅರವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಯಾರನ್ನೂ ಬಲವಂತವಾಗಿ ಹೊರದೇಶಕ್ಕೆ ಕಳಿಸಲಿಲ್ಲ. ಕಡ್ಡಾಯ ಮಾಡೋಣವೇ ಅಂತ 1916ರಲ್ಲಿ, 1917ರಲ್ಲಿ ಎರಡು ಸಲ ಜನರ ಮತ ಕೇಳಿದರು, ಎರಡು ಸಲವೂ ಜನ ಬೇಡ ಅಂದರು. ಹಾಗಾಗಿ ಹೋದವರೆಲ್ಲ ತಾವಾಗಿ ಹೋದವರು. 1915ರಲ್ಲಿ ಗಿಲ್ಗಾಂಡ್ರಾ ಅನ್ನುವ ಹಳ್ಳಿಯಿಂದ 26 ಜನ ಸಿಡ್ನಿಗೆ ನಡೆದೇ ಹೊರಟರು, ದಾರಿಯ ಊರೂರಲ್ಲಿ ಕೂ-ಈ ಅಂತ ಕೂಗಿ ಹುಡುಗರನ್ನು ಕರೆದರು, ಸಿಡ್ನಿ ಮುಟ್ಟುವಾಗ 263 ಜನ ಆಗಿದ್ದರು. ವಾಗಾದಿಂದಲೂ ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ದಂಡು ಹೊರಟಿತ್ತು, ಕಾಂಗರೂ ಮಾರ್ಚ್ ಅಂತ ಅದರ ಹೆಸರು. ಸತ್ತವರನ್ನು ಸತ್ತ ಜಾಗದಲ್ಲೇ ಹೂಳಿದರು, ಶವ ಊರಿಗೆ ಬರಲಿಲ್ಲ. ಟರ್ಕಿ, ಫ್ರಾನ್ಸ್‌ವರೆಗೆ ಹೋಗಿ ಮಗನ ಗೋರಿ ನೋಡುವ ಶಕ್ತಿ ಯಾವ ರೈತ ತಾಯಿಗಿತ್ತು? ಊರ ನಡುವಿನ ಆ ಕಂಬವೇ ಅವರಿಗೆ ಗೋರಿ.

ಆ ರೈತರ ಕೋಟಿನ ಬಲಗಡೆ ನಾಲ್ಕು ಪದಕ ತೂಗುತ್ತಿದ್ದವು. ಸ್ವಂತ ಪದಕವಾದರೆ ಎಡಗಡೆ, ಹಿರಿಯರದ್ದಾದರೆ ಬಲಗಡೆ. ಅವರದ್ದು ಅಜ್ಜನ ಅಪ್ಪನದು. ಪದಕಗಳಿಗೆ ಪಾಲಿಶ್ ಹಾಕಿದ್ದರು, ಬೂಟಿಗೆ ಮಾತ್ರ ಹೊಲದ ಮಣ್ಣು ಹಾಗೇ ಇತ್ತು. ನಂತರ ಸಭಾಭವನದಲ್ಲಿ ಬಿಸ್ಕತ್ತು, ಟೀ, ಮತ್ತೆ ರಮ್ ಹಾಕಿದ ಕಾಫಿ. ಹೌದು, ಬೆಳಗ್ಗೆ ಏಳು ಗಂಟೆಗೆ! ನಮ್ಮೂರಿನ ಮಾಜಿ ಸೈನಿಕರಿಗೆ ಈ ಪದ್ಧತಿ ಗೊತ್ತಾದರೆ ನಾಳೆನೇ ಮಿಲಿಟರಿ ಕ್ಯಾಂಟೀನ್ ಕಾರ್ಡ್ ಹಿಡಿದು ಹೊರಡುತ್ತಾರೆ.

ಟೀ ಕುಡಿಯುತ್ತಾ ಅವರಿಗೆ ಎರಡು ಸಂಗತಿ ಹೇಳಿದೆ. ಗಲ್ಲಿಪೊಲಿಯಲ್ಲಿ ಸುಮಾರು ಹದಿನೈದು ಸಾವಿರ ಭಾರತೀಯ ಸೈನಿಕರೂ ಇದ್ದರು, ಹೇಸರಗತ್ತೆ ಮೇಲೆ ನೀರು, ಮದ್ದುಗುಂಡು ಸಾಗಿಸುತ್ತಿದ್ದವರು ನಮ್ಮವರು. ಇನ್ನೊಂದು, ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು 1953ರಿಂದ 1956ರವರೆಗೆ ನಿಮ್ಮ ದೇಶದಲ್ಲೇ ಭಾರತದ ಹೈಕಮಿಷನರ್ ಆಗಿದ್ದರು ಅಂತ. ಅವರಿಗೆ ಎರಡೂ ಗೊತ್ತಿರಲಿಲ್ಲ. ಬೇಜಾರಾಗಲಿಲ್ಲ, ನಮ್ಮ ಶಾಲೆ ಮಕ್ಕಳನ್ನು ಕೇಳಿದರೂ ಗೊತ್ತಿರುವುದಿಲ್ಲ.

ಎಲ್ಲಾ ಚಂದ ಅಂತ ನಾನು ಹೇಳುವುದಿಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಸೈನ್ಯಕ್ಕೆ ಸೇರಿಸಬಾರದು ಅಂತ ಕಾನೂನಿತ್ತು. ಆದರೂ ಸಾವಿರದಷ್ಟು ಜನ ಹೇಗೋ ಸೇರಿ ಹೋರಾಡಿದರು. ವಾಪಸ್ ಬಂದ ಬಿಳಿ ಸೈನಿಕರಿಗೆ ಸರ್ಕಾರ ಜಮೀನು ಕೊಟ್ಟಿತು, ಇವರಲ್ಲಿ ಬೆರಳೆಣಿಕೆಯವರಿಗೆ ಮಾತ್ರ ಸಿಕ್ಕಿತು. ಮಧ್ಯಾಹ್ನ ಪಬ್‌ನಲ್ಲಿ ಎರಡು ನಾಣ್ಯ ಹಾರಿಸಿ ಜೂಜು ಬೇರೆ, ಆ ದಿನ ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ.

ಈಗ ನಾನು ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ವಾಗಾದ ಪಕ್ಕದಲ್ಲೇ ಕಪೂಕಾ ಅನ್ನುವ ಜಾಗ ಇದೆ. ಆಸ್ಟ್ರೇಲಿಯಾ ಸೈನ್ಯಕ್ಕೆ ಸೇರುವ ಹೊಸ ಹುಡುಗರು, ಹುಡುಗಿಯರು ಮೊದಲು ಬರುವುದು ಅಲ್ಲಿಗೆ. ತರಬೇತಿ ಮುಗಿದ ದಿನ ಪರೇಡ್ ನೋಡಲು ಅಪ್ಪ ಅಮ್ಮಂದಿರು ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. 1945ರ ಮೇ 21ರಂದು ಅಲ್ಲಿ ನೆಲದೊಳಗೆ ತೋಡಿದ ಕೋಣೆಯಲ್ಲಿ ಸ್ಫೋಟಕದ ಪಾಠ ನಡೆಯುತ್ತಿತ್ತು. ಏನೋ ತಪ್ಪಾಗಿ ಎಲ್ಲಾ ಒಟ್ಟಿಗೆ ಸಿಡಿಯಿತು. 26 ಜನ ಸತ್ತರು. ಯುರೋಪಿನಲ್ಲಿ ಯುದ್ಧ ಮುಗಿದು ಎರಡು ವಾರ ಆಗಿತ್ತು ಅಷ್ಟೇ. ಅವರ ಶವಯಾತ್ರೆಗೆ ವಾಗಾದ ಬೀದಿಗಳಲ್ಲಿ ಏಳು ಸಾವಿರದಷ್ಟು ಜನ ನಿಂತಿದ್ದರಂತೆ. ಆ ಜಾಗದಲ್ಲಿ ಈಗ ಸ್ಮಾರಕ ಇದೆ. ಒಬ್ಬ ಶತ್ರುವನ್ನೂ ನೋಡದೆ ಪಾಠದ ಕೋಣೆಯಲ್ಲೇ ಹೋದವರಿಗೂ ಅಲ್ಲಿ ಒಂದು ಕಲ್ಲಿದೆ.

ಮಗಳು ಇದನ್ನು ಹೇಳಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ಯಾಕೆಂದರೆ ನನ್ನ ಚಿಕ್ಕಪ್ಪ ಸತ್ತಿದ್ದು ಹಾಗೇ.

1962ರ ಚೀನಾ ಯುದ್ಧ ಆದ ಮೇಲೆ ಸೈನ್ಯಕ್ಕೆ ಜೋರು ಭರ್ತಿ ನಡೆಯುತ್ತಿತ್ತು. ಚಿಕ್ಕಪ್ಪನಿಗೆ ಹತ್ತೊಂಬತ್ತು. 1963ರಲ್ಲಿ ಮಡಿಕೇರಿಗೆ ನಡೆದುಕೊಂಡು ಹೋಗಿ ಸೇರಿದರು, ಮನೆಯಲ್ಲಿ ಹೇಳಿದ್ದು ಪೇಟೆಗೆ ಹೋಗಿ ಬರುತ್ತೇನೆ ಅಂತ. ಐದು ತಿಂಗಳಿಗೆ ತಂತಿ ಬಂತು. ಗ್ರೆನೇಡ್ ಎಸೆಯುವ ಅಭ್ಯಾಸದಲ್ಲಿ ಆದ ಅವಘಡ. ಆಗ ಶವ ಊರಿಗೆ ಕಳಿಸುವ ಪದ್ಧತಿ ಇರಲಿಲ್ಲ, ಅದು ಎಲ್ಲೆಡೆ ರೂಢಿಯಾಗಿದ್ದು 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ. ನಮಗೆ ಬಂದಿದ್ದು ಒಂದು ಕಪ್ಪು ಟ್ರಂಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್, ಹೆಸರು. ಒಳಗೆ ಒಂದು ಸ್ವೆಟರ್, ಶೇವಿಂಗ್ ಸೆಟ್, ಅಜ್ಜಿ ಕಟ್ಟಿ ಕಳಿಸಿದ್ದ ಕಿತ್ತಳೆ ಸಿಪ್ಪೆಯ ಉಪ್ಪಿನಕಾಯಿ ಬಾಟಲಿ, ಅರ್ಧ ಖಾಲಿ. ಅಜ್ಜಿ ಒಂದು ವರ್ಷ ಆ ಟ್ರಂಕನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಆಮೇಲೆ ಒಂದು ದಿನ ತಾನೇ ಅದಕ್ಕೆ ಕಾಳುಮೆಣಸು ತುಂಬಿದರು. ಇವತ್ತಿಗೂ ಅದು ನಮ್ಮ ಅಟ್ಟದ ಮೇಲೆ ಇದೆ, ಮುಚ್ಚಳ ತೆಗೆದರೆ ಕೈಗೆಲ್ಲ ಮೆಣಸಿನ ಘಾಟು.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಸೈನಿಕರ ಹೆಸರಿನ ಫಲಕ ಮಾಡುತ್ತಾರೆ ಅಂತ ಸುದ್ದಿ ಬಂತು. ಖುಷಿಯಿಂದ ಹೋಗಿ ಚಿಕ್ಕಪ್ಪನ ಹೆಸರು ಕೊಟ್ಟೆ. ಒಂದು ಕಚೇರಿಯಲ್ಲಿ ಕೂತಿದ್ದವರು, ಯಾವ ಕಚೇರಿ ಅಂತ ಬರೆಯುವುದಿಲ್ಲ, ಕೇಳಿದರು: ಯಾವ ಯುದ್ಧ ಮೇಡಂ? ಯುದ್ಧ ಅಲ್ಲ, ತರಬೇತಿ ಅಂದೆ. ಪೆನ್ನು ಕೆಳಗಿಟ್ಟರು. ಹಾಗಾದರೆ ಹುತಾತ್ಮರ ಲೆಕ್ಕಕ್ಕೆ ಬರುವುದಿಲ್ಲ, ಅಪಘಾತ ಆಗುತ್ತದೆ ಅಂದರು. ಒರಟಾಗಿ ಹೇಳಲಿಲ್ಲ, ಪಾಪ, ಟೀ ಸಹ ತರಿಸಿದರು. ಆ ಫಲಕ ಆಮೇಲೆ ಆಗಲೇ ಇಲ್ಲ, ಆ ಮಾತು ಬೇರೆ.

ನಮ್ಮಲ್ಲಿ ಸೈನಿಕರಿಗೆ ಗೌರವ ಇಲ್ಲ ಅಂತ ಯಾರೂ ಹೇಳಲಾರರು. ಮಡಿಕೇರಿಯಲ್ಲಿ ಪ್ರತಿಮೆಗಳಿಗೆ ಬರ ಇಲ್ಲ: ಕಾರ್ಯಪ್ಪ, ತಿಮ್ಮಯ್ಯ, ದೇವಯ್ಯ, ಮೇಜರ್ ಮಂಗೇರಿರ ಮುತ್ತಣ್ಣ, 1837ರಲ್ಲಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡ. ತಿಮ್ಮಯ್ಯನವರ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ, ಎಷ್ಟು ಚೆನ್ನಾಗಿದೆ. ಕೂಡಿಗೆಯಲ್ಲಿ ಸೈನಿಕ ಶಾಲೆ. ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ. ಯಾರಾದರೂ ಬಂದರೆ ನಾವೂ ಎದೆಯುಬ್ಬಿಸಿ ಹೇಳುತ್ತೇವೆ, ವೀರರ ನಾಡು ಅಂತ. ಆದರೆ ಚೇರಂಬಾಣೆಯಿಂದ ಯಾರ್ಯಾರು ಹೋದರು? ಭಾಗಮಂಡಲದಿಂದ, ಸಂಪಾಜೆಯಿಂದ, ಶನಿವಾರಸಂತೆಯಿಂದ? ಜನರಲ್‌ಗಳ ಹುಟ್ಟಿದ ತಾರೀಖು ಬಾಯಿಪಾಠ, ಪಕ್ಕದ ಮನೆಯ ಹವಾಲ್ದಾರರು ಯಾವ ರೆಜಿಮೆಂಟ್ ಅಂತ ಗೊತ್ತಿಲ್ಲ. ಕೊಡವರು ಹೋದರು, ಅರೆಭಾಷೆ ಗೌಡರು ಹೋದರು, ಮುಸ್ಲಿಮರು, ಕ್ರೈಸ್ತರು ಹೋದರು, ಕಾಫಿ ತೋಟದ ಕೂಲಿಯವರ ಲೈನ್‌ಮನೆಯಿಂದಲೂ ಹುಡುಗರು ಹೋದರು. ಅಡುಗೆಯವರಾಗಿ, ಡ್ರೈವರ್ ಆಗಿ ಹೋದವರ ಕಥೆ ಕೇಳುವವರೇ ಇಲ್ಲ.

ದೊಡ್ಡವರ ವಿಷಯದಲ್ಲೇ ನಾವು ತಡ ಮಾಡಿದ್ದೇವೆ ಅಲ್ವಾ? ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಏಟು ತಿಂದ ತಮ್ಮ ವಿಮಾನದಲ್ಲೇ ಅವರು ಪಾಕಿಸ್ತಾನದ ಸ್ಟಾರ್‌ಫೈಟರ್ ಅನ್ನು ಕೆಡವಿದ್ದರು ಅನ್ನುವುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ. ಅಂಥವರ ಕಥೆಯೇ ಹೀಗಾದರೆ ಐದು ತಿಂಗಳ ಸಿಪಾಯಿಯ ಹೆಸರು ಯಾರು ಹುಡುಕುತ್ತಾರೆ?

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಜಾಸ್ತಿ ಹೆಸರು ಕೆತ್ತಿದ್ದಾರೆ. ಒಳ್ಳೆಯ ಕೆಲಸ. ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಪ್ರತಿ ಗ್ರಾಮ ಪಂಚಾಯಿತಿ ಕಟ್ಟಡದ ಹೊರಗೋಡೆಯಲ್ಲಿ ಒಂದು ಕಪ್ಪು ಕಲ್ಲು. ಅದರಲ್ಲಿ ಆ ಪಂಚಾಯಿತಿಯಿಂದ ಸೈನ್ಯಕ್ಕೆ ಹೋದ ಎಲ್ಲರ ಹೆಸರು, ಅಕಾರಾದಿಯಲ್ಲಿ, ದರ್ಜೆ ಬೇಡ, ಜಾತಿ ಗೊತ್ತಾಗುವ ಹಾಗೆ ಗುಂಪು ಮಾಡುವುದೂ ಬೇಡ. ವಾಪಸ್ ಬರದವರ ಹೆಸರಿನ ಪಕ್ಕ ಒಂದು ಸಣ್ಣ ದೀಪದ ಗುರುತು. ಯುದ್ಧದಲ್ಲಿ ಸತ್ತರೋ, ಹಿಮದಲ್ಲೋ, ತರಬೇತಿಯಲ್ಲೋ, ಲಾರಿ ಉರುಳಿಯೋ, ಎಲ್ಲರಿಗೂ ಒಂದೇ ಗುರುತು. ದುಡ್ಡು ಎಲ್ಲಿಂದ ಅಂತ ಕೇಳಬೇಡಿ, ನಮ್ಮಲ್ಲಿ ಸ್ವಾಗತ ಕಮಾನು ಕಟ್ಟಲು ದುಡ್ಡು ಹೇಗೋ ಹುಟ್ಟುತ್ತದೆ. ಇದಕ್ಕೆ ಅರ್ಜಿ ಕೊಟ್ಟಿದ್ದೇನೆ, ನೋಡೋಣ ಅಂದಿದ್ದಾರೆ.

ಕಲ್ಲು ಆಗುವಾಗ ಆಗಲಿ. ನಾನು ಹೆಸರು ಬರೆದುಕೊಳ್ಳಲು ಶುರು ಮಾಡಿದ್ದೇನೆ, ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಹಾಕಿ. ಮನೆಮನೆಗೆ ಹೋದರೆ ಕಾಫಿ ಕುಡಿದು ಕುಡಿದು ಸಾಕಾಗುತ್ತದೆ, ಆದರೆ ಹೆಸರು ಸಿಗುತ್ತದೆ. ಇಲ್ಲಿಯವರೆಗೆ 43 ಆಗಿದೆ. ಗುರುಕಾರಣರಿಗೆ, ಅಂದರೆ ಮನೆತನದ ಹಿರಿಯರಿಗೆ, ಎಡೆ ಇಡುವಾಗ ಲೆಕ್ಕ ತಪ್ಪದ ಮನೆಗಳಲ್ಲೂ ಸೈನ್ಯದಲ್ಲಿದ್ದ ಅಜ್ಜನ ಪೂರ್ತಿ ಹೆಸರು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದನ್ನು ಓದಿದವರು ತಮ್ಮ ಊರಲ್ಲೂ ಒಂದು ಪುಸ್ತಕ ತೆಗೆದರೆ ಸಂತೋಷ, ಮುಖ್ಯವಾಗಿ ಎಂಬತ್ತು ದಾಟಿದವರ ಹತ್ತಿರ ಈ ಮಳೆಗಾಲದೊಳಗೆ ಹೋಗಿ ಬನ್ನಿ.

ನಮ್ಮ ಪಟ್ಟಿಯಲ್ಲಿ 17ನೇ ಸಾಲು ಇನ್ನೂ ತುಂಬಿಲ್ಲ. ಹೊಳೆ ಆಚೆಯ ಗುಡಿಸಲಲ್ಲಿ ಒಬ್ಬರೇ ಇದ್ದವರು, ಒಂದು ಕಾಲು ಎಳೆದು ನಡೆಯುತ್ತಿದ್ದರು, ಮಕ್ಕಳಾದ ನಮಗೆಲ್ಲ ಮಿಲ್ಟ್ರಿ ಮಾವ. ಅವರ ಹೆಸರೇನು ಅಂತ ಊರಲ್ಲಿ ಒಬ್ಬರಿಗೂ ನೆನಪಿಲ್ಲ. ಸದ್ಯಕ್ಕೆ ಮಿಲ್ಟ್ರಿ ಮಾವ ಅಂತಲೇ ಬರೆದು ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ಗೊತ್ತಿದ್ದವರು ತಿಳಿಸಿ.

– ನಿವೃತ್ತ ಶಿಕ್ಷಕಿ, ಚೇರಂಬಾಣೆ ಹತ್ತಿರ, ಕೊಡಗು