ನಕ್ಷೆಯಲ್ಲಿ ಕಾಣದ ನೊಣ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಖಂಡಗಳ ಭೂಗೋಳ ಮತ್ತು ನಾಗರಿಕತೆಗಳ ಕುರಿತು ಬಂದ ಲೇಖನ ಓದಿದೆ. ಆಫ್ರಿಕಾದ ವಿಷಯ ಬಂದಾಗ ಲೇಖಕರು ಸಹರಾ ಮರಳುಗಾಡು, ಕಾಂಗೋ ಕಾಡು ಎಂದು ಎರಡು ಮಾತು ಹೇಳಿ, ಅಲ್ಲಿನವರು ನೇಗಿಲು, ಗಾಡಿಗಳ ಹಂತಕ್ಕೇ ಬರಲಿಲ್ಲ ಎಂದು ಕೈತೊಳೆದುಕೊಂಡಿದ್ದಾರೆ. ಸೇವಾವಧಿಯನ್ನೆಲ್ಲ ದನಕರುಗಳ ನಡುವೆ ಕಳೆದ ನನಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಎತ್ತು ಬದುಕದ ನೆಲದಲ್ಲಿ ನೇಗಿಲನ್ನು ಎಳೆಯುವವರು ಯಾರು?

ಸಹರಾದ ದಕ್ಷಿಣಕ್ಕೆ ಸುಮಾರು ಒಂದು ಕೋಟಿ ಚದರ ಕಿಲೋಮೀಟರ್ ನೆಲ ತ್ಸೆತ್ಸೆ ನೊಣದ ವಶದಲ್ಲಿದೆ. ಅದು ಕಚ್ಚಿದರೆ ಟ್ರಿಪನೊಸೋಮಾ ಎಂಬ ಏಕಕೋಶ ಜೀವಿ ದನದ ರಕ್ತ ಸೇರಿ, ಅದನ್ನು ಸೊರಗಿಸಿ ಕೊಲ್ಲುವ ನಗಾನ ರೋಗ ತರುತ್ತದೆ. 1895ರಲ್ಲಿ ದಕ್ಷಿಣ ಆಫ್ರಿಕಾದ ಝುಲುಲ್ಯಾಂಡಿನಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಇದನ್ನು ಪತ್ತೆ ಹಚ್ಚಿದರು. ಇದರ ದಾಯಾದಿಯೇ ನಮ್ಮಲ್ಲಿನ ಸರ್ರಾ ರೋಗ. ಮಳೆಗಾಲದಲ್ಲಿ ಟಾಂಗಾ ಕುದುರೆಗಳಿಗೆ ಅದು ತಗುಲಿದ್ದನ್ನು ಕಂಡಿದ್ದೇನೆ. ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಮೇವು ತಿನ್ನುತ್ತಲೇ ಕುದುರೆ ಸೊರಗುತ್ತದೆ, ಹೊಟ್ಟೆಯಡಿಯಲ್ಲೂ ಕಾಲುಗಳಲ್ಲೂ ಬಾವು ಇಳಿಯುತ್ತದೆ. ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ರಕ್ತಕಣಗಳನ್ನು ಅತ್ತಿತ್ತ ತಳ್ಳುತ್ತ ಹಾವಿನ ಮರಿಯಂತೆ ಹೊರಳಾಡುವ ಜೀವಿ ಕಾಣುತ್ತದೆ. ಚುಚ್ಚುಮದ್ದು ಕೈಯಲ್ಲಿದ್ದೂ ನಾವು ಎಷ್ಟೋ ಕುದುರೆಗಳನ್ನು ಕಳೆದುಕೊಂಡೆವು.

ತ್ಸೆತ್ಸೆಗೆ ಬಿಸಿ, ತೇವ, ಪೊದೆಯ ನೆರಳು ಮೂರೂ ಬೇಕು. ಚಳಿಯ ಎತ್ತರದಲ್ಲಾಗಲಿ ತೀರ ಒಣನೆಲದಲ್ಲಾಗಲಿ ಅದು ಬಾಳದು. ಹಾಗಾಗಿಯೇ ಇಥಿಯೋಪಿಯದ ಎತ್ತರದ ಪ್ರಸ್ಥಭೂಮಿಯ ರೈತರು ಶತಮಾನಗಳಿಂದ ಎತ್ತು ಹೂಡಿ ಉಳುತ್ತಿದ್ದಾರೆ. ಪ್ರಾಚೀನ ಅಕ್ಸುಮ್ ರಾಜ್ಯ ತಲೆಯೆತ್ತಿದ್ದು ಅಲ್ಲೇ. ಪಶ್ಚಿಮ ಆಫ್ರಿಕಾದ ಹಳೆಯ ಮಾಲಿ, ಸೊಂಘಾಯ್ ಸಾಮ್ರಾಜ್ಯಗಳ ಕುದುರೆ ದಂಡು ಓಡಾಡಿದ್ದು ಸಹರಾದ ಅಂಚಿನ ಒಣ ಬಯಲಿನಲ್ಲಿ. ಈಗಿನ ನೈಜೀರಿಯದಲ್ಲಿದ್ದ ಓಯೋ ರಾಜ್ಯದ ಅರಸರು ಉತ್ತರದಿಂದ ಕುದುರೆ ಕೊಂಡು ತಂದು ಬಯಲು ಸೀಮೆಯಲ್ಲಿ ಗೆದ್ದರು. ದಟ್ಟ ಕಾಡಿನಲ್ಲಿ ಆ ಕುದುರೆಗಳ ಆಟ ನಡೆಯಲಿಲ್ಲ. ಗಾಡಿ ಹೋಗದ ಕಡೆ ಸರಕು ಮನುಷ್ಯರ ತಲೆಯ ಮೇಲೆ, ದೋಣಿಗಳಲ್ಲಿ ಸಾಗಿತು.

ಹಾಗೆಂದು ಎಲ್ಲವನ್ನೂ ನೊಣದ ತಲೆಗೆ ಕಟ್ಟಲಾಗದು. ಅದೇ ನೈಜೀರಿಯದ ಇಫೆ, ಬೆನಿನ್ ನಗರಗಳು ಬೆಳೆದದ್ದು ಕುದುರೆ ಬಾಳದ ಕಾಡುಸೀಮೆಯಲ್ಲೇ. ಇಫೆಯ ಲೋಹದ ಎರಕದ ಮುಖಗಳ ಚಿತ್ರವನ್ನಾದರೂ ಲೇಖಕರು ಒಮ್ಮೆ ನೋಡಲಿ. ಪಶ್ಚಿಮ ಆಫ್ರಿಕಾದ ರೈತರು ಈ ರೋಗವನ್ನು ತಾಳಿಕೊಳ್ಳುವ ಎನ್‌ದಾಮ ಎಂಬ ಗಿಡ್ಡ ದನದ ತಳಿಯನ್ನು ಉಳಿಸಿ ಬೆಳೆಸಿದರು. ಪಶುವೈದ್ಯನಾಗಿ ನಾನು ತಲೆಬಾಗುವುದು ಅದಕ್ಕೆ. (ಅಂದ ಹಾಗೆ, ನಮ್ಮ ರೊಟ್ಟಿಯ ಜೋಳ, ಮುದ್ದೆಯ ರಾಗಿ ಎರಡನ್ನೂ ಮೊದಲು ಪಳಗಿಸಿದವರು ಆಫ್ರಿಕಾದ ರೈತರೇ.)

ನೊಣದ ಸೀಮೆಯೂ ಇದ್ದಲ್ಲೇ ಇರುವಂಥದ್ದಲ್ಲ. 1880ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಪೂರ್ವ ಆಫ್ರಿಕಾಕ್ಕೆ ಕಾಲಿಟ್ಟು, ಹತ್ತು ವರ್ಷಗಳಲ್ಲಿ ಖಂಡದ ದಕ್ಷಿಣ ತುದಿಯವರೆಗೆ ದನಗಳನ್ನು ಬಲಿ ತೆಗೆದುಕೊಂಡಿತು. ಮೇಯುವ ದನವಿಲ್ಲದೆ ಹುಲ್ಲುಗಾವಲುಗಳಲ್ಲಿ ಪೊದೆ ಎದ್ದಿತು, ಪೊದೆಯ ಹಿಂದೆಯೇ ಎಷ್ಟೋ ಕಡೆ ನೊಣ ಬಂತು. ಜನರು ಬಿಟ್ಟುಹೋದ ಅಂಥ ನೆಲವನ್ನು ಕಂಡ ಯುರೋಪಿನ ಅಧಿಕಾರಿಗಳು ಅದು ಮೊದಲಿನಿಂದಲೂ ಪಾಳು ಎಂದೇ ಬಗೆದರು. ಲೇಖಕರ ಧಾಟಿಯಲ್ಲೂ ಅದೇ ವಾಸನೆ ಹೊಡೆಯುತ್ತಿದೆ. ಮುಂದಿನ ಕಂತಿನಲ್ಲಿ ಆಫ್ರಿಕಾದ ನಕ್ಷೆ ಅಚ್ಚು ಹಾಕುವುದಾದರೆ, ಮಳೆ, ಕಾಡುಗಳ ಜೊತೆಗೆ ತ್ಸೆತ್ಸೆ ಹರಡಿರುವ ಪ್ರದೇಶವನ್ನೂ ಗುರುತಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಪಶುವೈದ್ಯಾಧಿಕಾರಿ, ಧಾರವಾಡ