ಗಂಡುಮಕ್ಕಳ ಕಾಲಿನ ನಿಶ್ಶಕ್ತಿ: ಮೊದಲು ಸಿಪಿಕೆ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಮೂರ್ನಾಲ್ಕು ವರ್ಷದ ಗಂಡುಮಗು ಪದೇಪದೇ ಮುಗ್ಗರಿಸಿ ಬೀಳುತ್ತಿದ್ದರೆ, ನೆಲದಿಂದ ಏಳುವಾಗ ಮೊಣಕಾಲಿನ ಮೇಲೆ, ತೊಡೆಯ ಮೇಲೆ ಕೈಯೂರಿಕೊಂಡು ಮೇಲೇಳುತ್ತಿದ್ದರೆ, ‘ಬೆಳೆಯುತ್ತಾ ಸರಿಹೋಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮೀನಖಂಡ ದಪ್ಪಗಿರುವುದರಿಂದ ಮಗು ಗಟ್ಟಿಮುಟ್ಟಾಗಿದೆ ಎಂದೇ ತೋರುತ್ತದೆ. ಆದರೆ ಇವು ಡ್ಯುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಆನುವಂಶಿಕ ಸ್ನಾಯುಕ್ಷಯದ ಲಕ್ಷಣಗಳಾಗಿರಬಹುದು.

ಈ ಕಾಯಿಲೆಗೆ ಕಾರಣ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಕೊರತೆ. 1987ರಲ್ಲಿ ಅಮೆರಿಕದ ಲೂಯಿಸ್ ಕುಂಕೆಲ್ ಅವರ ತಂಡ ಗುರುತಿಸಿದ ಈ ಪ್ರೋಟೀನು, ಸ್ನಾಯುಕೋಶದ ಒಳಗಿನ ತಂತುಗಳನ್ನು ಹೊರಪೊರೆಯೊಂದಿಗೆ ಬಿಗಿದು ಹಿಡಿದು, ಸ್ನಾಯು ಕುಗ್ಗಿ ಹಿಗ್ಗುವಾಗ ಪೊರೆ ಹರಿಯದಂತೆ ಕಾಯುತ್ತದೆ. ಅದರ ಜೀನ್ ಇರುವುದು ಎಕ್ಸ್ ಕ್ರೋಮೊಸೋಮಿನಲ್ಲಿ. ಗಂಡುಮಕ್ಕಳಿಗೆ ಎಕ್ಸ್ ಒಂದೇ ಇರುವುದರಿಂದ, ಅದರಲ್ಲಿನ ಜೀನ್ ಕೆಟ್ಟರೆ ಸರಿದೂಗಿಸಲು ಇನ್ನೊಂದಿಲ್ಲದೆ, ಕಾಯಿಲೆ ಬಹುಪಾಲು ಅವರನ್ನೇ ಕಾಡುತ್ತದೆ.

ಪೊರೆ ಹರಿದಾಗ ಸ್ನಾಯುವಿನಲ್ಲಿರುವ ಸಿಪಿಕೆ ಎಂಬ ಕಿಣ್ವ ರಕ್ತಕ್ಕೆ ಸೋರಿ, ಅದರ ಪ್ರಮಾಣ ಹತ್ತಾರು ಪಟ್ಟು ಏರುತ್ತದೆ. ಲಿವರ್ ತೊಂದರೆ ತಿಳಿಯಲು ನೋಡುವ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿಗಳೂ ಸ್ನಾಯುವಿನಲ್ಲಿ ಇರುವುದರಿಂದ ಅವೂ ಏರುತ್ತವೆ. ದಾರಿ ತಪ್ಪುವುದು ಇಲ್ಲಿಯೇ. ನನ್ನ ಅಕ್ಕನ ಮಗನಿಗೆ ಜ್ವರ ಬಂದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಇವೆರಡೂ ಹೆಚ್ಚಿದ್ದವೆಂದು ಲಿವರ್ ತೊಂದರೆಯೆಂದೇ ಚಿಕಿತ್ಸೆ ನಡೆಯಿತು. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಸರಿಯಾಗಿಯೇ ಇದ್ದರೂ ಮನೆಯವರು ಕಾಮಾಲೆಯ ನಾಟಿ ಔಷಧಿ ಕೊಡಿಸಿ, ಎಣ್ಣೆ–ತುಪ್ಪ ಬಿಡಿಸಿ ಪಥ್ಯ ಮಾಡಿಸಿದರು. ಮಗು ಮೆಟ್ಟಿಲು ಹತ್ತಲಾರದೆ ಕಂಬಿ ಹಿಡಿದು ನಿಲ್ಲುವುದನ್ನು ಮತ್ತೊಬ್ಬ ವೈದ್ಯರು ಕಂಡು ಸಿಪಿಕೆ ಬರೆದುಕೊಡುವ ಹೊತ್ತಿಗೆ ಅಕ್ಕ ಎರಡನೆಯ ಬಾರಿ ಬಸುರಾಗಿದ್ದಳು.

ಸುಮಾರು ಮೂರರಲ್ಲಿ ಎರಡು ಪ್ರಕರಣಗಳಲ್ಲಿ ತಾಯಿ ವಾಹಕಿ, ಅಂದರೆ ದೋಷವಿರುವ ಜೀನನ್ನು ಹೊತ್ತು ಮಕ್ಕಳಿಗೆ ದಾಟಿಸಬಲ್ಲವಳಾಗಿರುತ್ತಾಳೆ. ಆದ್ದರಿಂದ ವಿಳಂಬದ ಪರಿಣಾಮ ಒಂದು ಮಗುವಿಗೆ ನಿಲ್ಲುವುದಿಲ್ಲ. ಬೇಗ ತಿಳಿದರೆ ಜೀನ್ ಪರೀಕ್ಷೆ ಮಾಡಿಸಿ, ಮುಂದಿನ ಮಗುವಿನ ಬಗ್ಗೆ ದಂಪತಿ ತಿಳಿದು ನಿರ್ಧರಿಸಬಹುದು. ಸ್ಟೀರಾಯ್ಡ್ ಚಿಕಿತ್ಸೆಯಿಂದ ಮಗು ನಡೆದಾಡುವ ಕಾಲವನ್ನು ಹೆಚ್ಚಿಸಬಹುದು, ಹೃದಯದ ಮೇಲೂ ನಿಗಾ ಇಡಬಹುದು.

2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆಯ ಬೆಲೆ 32 ಲಕ್ಷ ಡಾಲರ್; ಅದು ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವಂಥದ್ದೂ ಅಲ್ಲ. ನಮ್ಮ ಚರ್ಚೆಯೆಲ್ಲ ಕೋಟಿ ಬೆಲೆಯ ಇಂಜೆಕ್ಷನ್ನಿನ ಸುತ್ತಲೇ ಸುತ್ತುತ್ತಿದ್ದು, ಸಾಧಾರಣ ಖರ್ಚಿನ ರಕ್ತಪರೀಕ್ಷೆ ಯಾರ ಗಮನಕ್ಕೂ ಬಾರದಿರುವುದು ನನಗೆ ತೀವ್ರ ನೋವಿನ ಸಂಗತಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದಾಗ ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಎದ್ದು ನಿಲ್ಲಿಸಿ ನೋಡಲಿ. ಅನುಮಾನ ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಪಿಕೆ ಪರೀಕ್ಷೆ ಸಿಗುವಂತಾಗಲಿ. ಕಾಮಾಲೆಯಿಲ್ಲದೆ ಎಸ್‌ಜಿಪಿಟಿ ಏರಿರುವ ಯಾವ ಹುಡುಗನನ್ನೂ ಸಿಪಿಕೆ ನೋಡದೆ ಲಿವರ್ ಬಯಾಪ್ಸಿಗೆ (ಲಿವರಿನ ತುಣುಕು ತೆಗೆದು ನೋಡುವ ಪರೀಕ್ಷೆಗೆ) ಕಳುಹಿಸಬಾರದೆಂದು ಆರೋಗ್ಯ ಇಲಾಖೆ ಲಿಖಿತ ಸೂಚನೆ ಹೊರಡಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ತಿಪಟೂರು