‘ಅರ್ಧ ದೇವರು, ಅರ್ಧ ಮನುಷ್ಯ’ ಎಂದು ಯಾವ ಚರ್ಚೂ ಹೇಳಿಲ್ಲ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಸಮಯದ ಲೇಖನಗಳಲ್ಲಿ ಎರಡು ಮಾತು ಆಗಾಗ ಕಣ್ಣಿಗೆ ಬೀಳುತ್ತವೆ. ಯೇಸು ಅರ್ಧ ದೇವರು, ಅರ್ಧ ಮನುಷ್ಯ ಎಂದು ಕ್ರೈಸ್ತರು ನಂಬುತ್ತಾರೆ ಎಂಬುದು ಒಂದು. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಭೆಯಲ್ಲಿ ಮತ ಹಾಕಿ ಆತನನ್ನು ದೇವರಾಗಿಸಿದರು ಎಂಬುದು ಇನ್ನೊಂದು. ಎರಡೂ ತಪ್ಪು.

ಎರಡನೆಯದನ್ನು ಬೇಗ ಮುಗಿಸಬಹುದು. ನೈಸಿಯಾಕ್ಕೆ ಇನ್ನೂರು ವರ್ಷ ಮೊದಲೇ, ಸುಮಾರು 112ರಲ್ಲಿ, ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದಿದ್ದ. ಕ್ರೈಸ್ತರು ನಸುಕಿನಲ್ಲೇ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಎಂದು ಅದರಲ್ಲಿದೆ. ಬರೆದವನು ಭಕ್ತನಲ್ಲ, ಅವರ ವಿಚಾರಣೆ ನಡೆಸುತ್ತಿದ್ದವನು. 325ರ ಜಗಳವೇ ಬೇರೆ. ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್ ಕೂಡ ಕ್ರಿಸ್ತನಿಗೆ ದೈವತ್ವದ ಹೆಸರು ಕೊಡುತ್ತಿದ್ದ. ಆದರೆ ಕ್ರಿಸ್ತ ಸೃಷ್ಟಿಯಾದವನು, ‘ಆತ ಇಲ್ಲದಿದ್ದದ್ದೂ ಉಂಟು’ ಎನ್ನುತ್ತಿದ್ದ. ಸಭೆಯ ಉತ್ತರ ‘ಹೋಮೋಊಸಿಯೋಸ್’ ಎಂಬ ಒಂದು ಗ್ರೀಕ್ ಪದ: ತಂದೆಯೊಂದಿಗೆ ಒಂದೇ ತತ್ತ್ವದವನು. ಸಭೆಯ ನಿರ್ಣಯವನ್ನು ಕೊನೆತನಕ ಒಪ್ಪದೆ ಏರಿಯಸ್‌ನೊಂದಿಗೆ ಗಡೀಪಾರಾದ ಬಿಷಪರು ಇಬ್ಬರು. ಹಾಗಂತ ಗೆದ್ದವರಿಗೂ ನೆಮ್ಮದಿ ಸಿಗಲಿಲ್ಲ. ಆ ಪದದ ಪರ ನಿಂತ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಮುಂದೆ ಐದು ಸಲ ಗಡೀಪಾರಾದ.

ಇನ್ನು ‘ಅರ್ಧ–ಅರ್ಧ’ದ ಮಾತು. ಹಾಲಿಗೆ ನೀರು ಬೆರೆಸಿದರೆ ಸಿಗುವುದು ಅತ್ತ ಹಾಲೂ ಅಲ್ಲದ, ಇತ್ತ ನೀರೂ ಅಲ್ಲದ ಪದಾರ್ಥ. ಇದನ್ನೇ 451ರ ಕಾಲ್ಸಿಡಾನ್ ಸಭೆ ನಿರಾಕರಿಸಿತು: ಪೂರ್ಣ ದೇವರು, ಪೂರ್ಣ ಮನುಷ್ಯ; ಸ್ವಭಾವ ಎರಡು, ವ್ಯಕ್ತಿ ಒಬ್ಬ. ಇವು ಕೂಡಿದ್ದು ಹೇಗೆ ಎಂದು ಸಭೆ ವಿವರಿಸಲಿಲ್ಲ. ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ವಿಭಜನೆಯಿಲ್ಲದೆ, ಅಗಲಿಕೆಯಿಲ್ಲದೆ ಎಂದು ನಾಲ್ಕು ‘ಇಲ್ಲ’ಗಳನ್ನಷ್ಟೇ ಇಟ್ಟಿತು. ನಮ್ಮವರಿಗೆ ‘ನೇತಿ ನೇತಿ’ ನೆನಪಾದರೆ ಆಶ್ಚರ್ಯವಿಲ್ಲ. ಮೊದಲೆರಡು ಮಾತು ಮನುಷ್ಯತ್ವವನ್ನು ದೈವತ್ವದಲ್ಲಿ ಕರಗಿಸಿಬಿಡುವ, ಸನ್ಯಾಸಿ ಯೂಟಿಕೀಸ್‌ನ ವಾದಕ್ಕೆ ತಡೆ. ಉಳಿದೆರಡು ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆಗಿದ್ದ ನೆಸ್ಟೋರಿಯಸ್‌ನ ಮೇಲೆ ಹೊರಿಸಿದ್ದ ‘ಇಬ್ಬರು ವ್ಯಕ್ತಿಗಳು’ ಎಂಬ ವಾದಕ್ಕೆ.

ಓದುವಾಗ ಸರಳ ಸೂತ್ರ ಇದು: ‘ಯಾರು?’ ಎಂದು ಕೇಳಿದರೆ ಉತ್ತರ ಒಂದು, ‘ಏನು?’ ಎಂದು ಕೇಳಿದರೆ ಉತ್ತರ ಎರಡು. ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಲಾಜರನ ಸಮಾಧಿಯ ಹತ್ತಿರ ಅತ್ತವನೂ ಸತ್ತವನನ್ನು ಹೊರಗೆ ಕರೆದವನೂ ಒಬ್ಬನೇ. ಮನುಷ್ಯ ಅತ್ತ, ದೇವರು ಕರೆದ ಎಂದು ಇಬ್ಬರಿಗೆ ಹಂಚಿದರೆ ಲೆಕ್ಕ ತಪ್ಪುತ್ತದೆ.

ಭಕ್ತರಲ್ಲೇ ಹೆಚ್ಚು ಕಾಣುವ ತಪ್ಪು ಬೇರೆಯದು: ದೇಹ ಮನುಷ್ಯನದು, ಒಳಗಿನ ಮನಸ್ಸು ಮಾತ್ರ ದೇವರದು ಎನ್ನುವುದು. ಇದು ನಾಲ್ಕನೇ ಶತಮಾನದ ಬಿಷಪ್ ಅಪೊಲಿನಾರಿಯಸ್‌ನ ವಾದ. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಇದನ್ನು ತಳ್ಳಿಹಾಕಿತು. ಅದೇ ಕಾಲದ ಬಿಷಪ್, ನಾಜಿಯಾನ್ಜಸ್‌ನ ಗ್ರೆಗರಿ ಕೊಟ್ಟ ಕಾರಣ ಚಿಕ್ಕದು: ಕ್ರಿಸ್ತ ಯಾವುದನ್ನು ಧರಿಸಲಿಲ್ಲವೋ ಅದು ಗುಣವಾಗಿಲ್ಲ. ಮನುಷ್ಯನ ಮನಸ್ಸೇ ಕೆಟ್ಟಿರುವಾಗ ಅದೊಂದನ್ನು ಬಿಟ್ಟು ಮೈಯನ್ನಷ್ಟೇ ತೊಟ್ಟರೆ ಪ್ರಯೋಜನವೇನು? ಬಂಧನಕ್ಕೆ ಮುನ್ನ ಗೆತ್ಸೆಮನೆ ತೋಟದಲ್ಲಿ ಯೇಸು ಮಾಡಿದ ‘ನನ್ನ ಚಿತ್ತವಲ್ಲ, ನಿನ್ನದೇ’ ಎಂಬ ಪ್ರಾರ್ಥನೆಗೆ ಅರ್ಥ ಬರಬೇಕಾದರೂ ಆತನಿಗೆ ಮಾನವ ಚಿತ್ತ ಇರಲೇಬೇಕು. ಹೀಗೆ ವಾದಿಸಿದ್ದಕ್ಕೆ ಸನ್ಯಾಸಿ ಮ್ಯಾಕ್ಸಿಮಸ್‌ನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿದರು. ಆತ 662ರಲ್ಲಿ ಸತ್ತ. 680–81ರ ಕಾನ್‌ಸ್ಟಾಂಟಿನೋಪಲ್ ಸಭೆ ಎತ್ತಿಹಿಡಿದದ್ದು ಅವನ ಮಾತನ್ನೇ.

ಕಾಲ್ಸಿಡಾನ್ ಒಪ್ಪದವರೂ ಇದ್ದಾರೆ: ಈಜಿಪ್ಟಿನ ಕಾಪ್ಟಿಕ್, ಆರ್ಮೇನಿಯನ್, ಸಿರಿಯನ್ ಆರ್ಥೊಡಾಕ್ಸ್ ಪಂಗಡಗಳು, ಬೆಂಗಳೂರಿನಲ್ಲೂ ಚರ್ಚುಗಳಿರುವ ಮಲಂಕರ ಆರ್ಥೊಡಾಕ್ಸರು. ಅವರು ಹೇಳುವುದು ‘ಒಂದಾಗಿ ಕೂಡಿದ ಒಂದೇ ಸ್ವಭಾವ’. ಆದರೆ ಪೂರ್ಣ ದೇವರು, ಪೂರ್ಣ ಮನುಷ್ಯ ಎನ್ನುವುದರಲ್ಲಿ ತಕರಾರಿಲ್ಲ. 1973ರಲ್ಲಿ ಪೋಪ್ ಆರನೆಯ ಪಾಲ್ ಮತ್ತು ಕಾಪ್ಟಿಕ್ ಮುಖ್ಯಸ್ಥ ಮೂರನೆಯ ಶೆನೂಡಾ ಜಂಟಿಯಾಗಿ ಸಹಿ ಹಾಕಿದ ಹೇಳಿಕೆಯೇ ಇದೆ.

ಕನ್ನಡದಲ್ಲಿ ತೊಡಕಾಗುವುದು ‘ಅವತಾರ’ ಎಂಬ ಪದದಿಂದ. ‘ಮನುಷ್ಯಾವತಾರ’ ಎಂದು ನಮ್ಮ ಚರ್ಚುಗಳೇ ಬಳಸುತ್ತವೆ, ಬಿಡುವುದೂ ಕಷ್ಟ. ಆದರೆ ಮಾಧ್ವ ಸಿದ್ಧಾಂತದಲ್ಲಿ ಅವತಾರದ ದೇಹ ಅಪ್ರಾಕೃತ, ಅಂದರೆ ಪ್ರಕೃತಿಯಿಂದ ಆದದ್ದಲ್ಲ. ರಾಮನ ಶೋಕ ನಿಜವಾದ ದುಃಖವಲ್ಲ, ತೋರಿಕೆ. ಅಲ್ಲಿ ಅದು ಸುಸಂಬದ್ಧವಾದ ಮಾತು. ಕ್ರೈಸ್ತರಲ್ಲಿ ಇದೇ ಮಾತು ‘ಡೋಸೆಟಿಸಂ’ ಎನಿಸಿಕೊಂಡು ಮೊದಲ ಶತಮಾನಗಳಲ್ಲೇ ತಿರಸ್ಕೃತವಾಯಿತು. ಕ್ರೈಸ್ತರ ಪ್ರಕಾರ ಯೇಸುವಿನ ಹಸಿವು, ಕಣ್ಣೀರು, ಸಾವು ಎಲ್ಲ ನಿಜ. ಮನುಷ್ಯನಾದದ್ದು ಒಂದೇ ಸಲ, ಪುನರುತ್ಥಾನದ ನಂತರವೂ ಆ ಮನುಷ್ಯತ್ವವನ್ನು ಕಳಚಿಟ್ಟಿಲ್ಲ. ಲೇಖಕರು ‘ಅವತಾರ’ ಎಂದು ಬರೆಯುವಾಗ ಈ ವ್ಯತ್ಯಾಸಕ್ಕೆ ಒಂದು ಸಾಲು ಮೀಸಲಿಟ್ಟರೆ ಸಾಕು.

— ಒಬ್ಬ ಓದುಗ, ಮಂಗಳೂರು